ಬಸುರಿಯ ಮಾತ್ರೆ ನಿಲ್ಲಿಸುವ ಮೊದಲು ಒಂದು ಫೋನ್ ಮಾಡಿ: ಹಾಸನದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ, ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ನಿಮ್ಮ ಇಲಾಖೆಯವಳಲ್ಲ. ಆದರೆ ನಿಮ್ಮ ಆಶಾ ಕಾರ್ಯಕರ್ತೆಯೂ ನಾನೂ ಹತ್ತುವುದು ಅದೇ ಮನೆಗಳ ಜಗುಲಿ, ಬಸುರಿಯರ ಪಟ್ಟಿ ಅವರ ಚೀಲದಲ್ಲೂ ಇರುತ್ತದೆ, ನನ್ನ ಚೀಲದಲ್ಲೂ ಇರುತ್ತದೆ. ರಕ್ತ ಎಷ್ಟಿದೆ, ಬಿಪಿ ಎಷ್ಟಿದೆ, ಇಂಜೆಕ್ಷನ್ ಆಯ್ತಾ, ಕಬ್ಬಿಣದ ಮಾತ್ರೆ ನುಂಗ್ತಾ ಇದೀರಾ, ಎಲ್ಲ ಕೇಳುತ್ತೇವೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಾ ಇದೀರಾ ಅಂತ ಮಾತ್ರ ಕೇಳುವುದಿಲ್ಲ. ಹೇಗೋ ಗೊತ್ತಾಯಿತು ಅನ್ನಿ, ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ನಿಲ್ಲಿಸಿಬಿಡಿ.

ಈ ಪತ್ರ ಆ ಮಾತಿನ ಬಗ್ಗೆ. ಮಾತ್ರೆ ಬರೆದ ಮನೋವೈದ್ಯರನ್ನು ಕೇಳದೆ ಯಾವ ಬಸುರಿಗೂ ಮಾನಸಿಕ ಕಾಯಿಲೆಯ ಮಾತ್ರೆ ನಿಲ್ಲಿಸಿ ಅಂತ ಯಾರೂ ಹೇಳಬಾರದು. ಹಾಗಂತ ನೀವು ಜಿಲ್ಲೆಗೆಲ್ಲ ಒಂದು ಸುತ್ತೋಲೆ ಹೊರಡಿಸಬೇಕು. ಕೇಳುತ್ತಿರುವುದು ಇಷ್ಟೇ. ಯಾಕೆ ಅನ್ನುವುದನ್ನು ಹೇಳುವುದಕ್ಕೆ ಇಷ್ಟು ಉದ್ದ ಬರೆಯಬೇಕಾಗಿದೆ, ಕ್ಷಮಿಸಿ.

ನನ್ನ ತಂಗಿಗೆ ಸ್ಕಿಜೋಫ್ರೇನಿಯಾ ಇದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಅಂದಳು, ಹಾಕಿಲ್ಲ. ಮದುವೆಗೆ ಮುಂಚೆ ಕಾಯಿಲೆ ಬಂತು, ಯಾರೋ ಬಯ್ಯುತ್ತಾರೆ ಅಂತ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಊರಲ್ಲಿ ಮಾಮೂಲಿ ಏನೇನು ಮಾಡಿಸುತ್ತಾರೋ ಅದೆಲ್ಲ ಮಾಡಿಸಿ ಆಯಿತು, ಯಂತ್ರ ಕಟ್ಟಿಸಿ ಆಯಿತು. ಆಮೇಲೆ ಡಾಕ್ಟರ ಹತ್ತಿರ ಹೋಗಿ ರಿಸ್ಪೆರಿಡೋನ್ ಅನ್ನುವ ಮಾತ್ರೆ ಶುರು ಮಾಡಿದ ಮೇಲೆ ಸರಿಹೋದಳು. ಸರಿಹೋದಳು ಅಂದರೆ ಸುಮ್ನೆ ಮನೆಯಲ್ಲಿ ಕೂತಿರುವಷ್ಟಲ್ಲ. ಹಾಸನದ ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕಪ್ಪು ಬೀಜ, ಒಡೆದ ಬೀಜ ಬೇರೆ ಮಾಡುವುದರಲ್ಲಿ ಅವಳ ಕೈ ಎಷ್ಟು ಚುರುಕು ಅಂದರೆ ಮೇಸ್ತ್ರಿ ಹೊಸಬರನ್ನು ಅವಳ ಪಕ್ಕವೇ ಕೂರಿಸುತ್ತಿದ್ದರು. ಮದುವೆ ಆಯಿತು. ಹುಡುಗನಿಗೆ ಎಲ್ಲ ಹೇಳಿಯೇ ಮಾಡಿದ್ದು.

ಇಲ್ಲಿ ಒಂದು ವಿಷಯ ಹೇಳಬೇಕು, ಇದನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ರಿಸ್ಪೆರಿಡೋನ್ ಮಾತ್ರೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನು ಏರಿಸುತ್ತದೆ, ಎದೆಹಾಲಿಗೆ ಸಂಬಂಧಪಟ್ಟ ಹಾರ್ಮೋನು ಅದು. ಅದು ಏರಿದರೆ ಮುಟ್ಟು ಹಿಂದೆ ಮುಂದೆ ಆಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ನಿಂತೇ ಹೋಗುತ್ತದೆ. ಹಾಗಂತ ಬಸಿರು ನಿಲ್ಲುವುದೇ ಇಲ್ಲ ಅಂತಲ್ಲ. ತಂಗಿಗೂ ಹೀಗೇ ಇತ್ತು. ಮುಟ್ಟಾಗಲಿಲ್ಲ ಅಂದರೆ ಮಾತ್ರೆಯಿಂದ ಇರಬೇಕು ಅಂದುಕೊಳ್ಳುವುದು ರೂಢಿಯಾಗಿತ್ತು. ಹೊಟ್ಟೆ ಗಟ್ಟಿಯಾಯಿತು ಅಂತ ಅನುಮಾನ ಬಂದು ಸ್ಕ್ಯಾನ್ ಮಾಡಿಸಿದಾಗ ನಾಲ್ಕು ತಿಂಗಳು ತುಂಬಿತ್ತು.

ತಾಯಿ ಕಾರ್ಡ್ ಮಾಡಿಸಲು ಹೋದೆವು. ಯಾವ ಆಸ್ಪತ್ರೆ, ಸರ್ಕಾರಿಯೋ ಖಾಸಗಿಯೋ, ಹೇಳುವುದಿಲ್ಲ, ಒಬ್ಬರನ್ನು ಹಿಡಿದು ಶಿಕ್ಷೆ ಕೊಡಿಸಲು ನಾನು ಬರೆಯುತ್ತಿಲ್ಲ. ತಂಗಿ ತಾನಾಗಿಯೇ ಮಾತ್ರೆಯ ಶೀಟು ತೆಗೆದು ಮೇಜಿನ ಮೇಲೆ ಇಟ್ಟಳು. ಅಲ್ಲಿದ್ದವರು ಅದನ್ನು ತಿರುಗಿಸಿ ನೋಡಿದರು. "ಅಯ್ಯೋ, ಇದು ತಲೆ ಮಾತ್ರೆ ಅಲ್ವಾ? ಮಗು ಅಂಗವಿಕಲ ಆಗ್ಬೇಕಾ ನಿಂಗೆ? ಇವತ್ತಿಂದ್ಲೇ ನಿಲ್ಸು" ಅಂದರು. ಬರೆದುಕೊಟ್ಟ ಡಾಕ್ಟರನ್ನು ಒಂದು ಮಾತು ಕೇಳೋಣವಾ ಮೇಡಂ ಅಂದೆ. ಇಷ್ಟು ದಿನ ತಿಂದಿದ್ದು ಸಾಲದಾ ಅಂದರು. ಕಾರ್ಡಿನ ಅಂಚಿಗೆ ಕೆಂಪು ಪೆನ್ನಲ್ಲಿ "ಎಲ್ಲಾ ಮಾತ್ರೆ ನಿಲ್ಲಿಸಿದೆ" ಅಂತ ಬರೆದರು. ಆ ಕೆಂಪು ಅಕ್ಷರ ಇದೆಯಲ್ಲ, ಅದಾದ ಮೇಲೆ ನನ್ನ ಮಾತು ಯಾವ ಲೆಕ್ಕ? ಅವಳ ಅತ್ತೆ ಮನೆಗೆ ಹೋದವರೇ ಇದ್ದಬದ್ದ ಶೀಟನ್ನೆಲ್ಲ ಒಲೆಗೆ ಹಾಕಿದರು. ಅವರನ್ನೂ ನಾನು ಬೈಯಲ್ಲ, ಮೊಮ್ಮಗುವಿನ ಮೇಲಿನ ಆಸೆಗೆ ಮಾಡಿದ್ದು.

ಆಮೇಲೆ ಆಗಿದ್ದು ಏನು ಅಂದರೆ, ಮೊದಲು ನಿದ್ದೆ ಹೋಯಿತು. ಸ್ವಲ್ಪ ದಿನ ಬಸುರಿಯರಿಗೆ ನಿದ್ದೆ ಬರಲ್ಲ ಬಿಡು ಅಂದುಕೊಂಡರು. ಆಮೇಲೆ ಊಟ. ಮುದ್ದೆಯನ್ನು ಮುರಿದು ಮುರಿದು ಒಳಗೆ ಏನಿದೆ ಅಂತ ನೋಡುವುದು, ಅತ್ತೆ ಕೊಟ್ಟ ಸಾರು ಮೂಸಿ ಪಕ್ಕಕ್ಕೆ ಇಡುವುದು. ಕಬ್ಬಿಣದ ಮಾತ್ರೆಯಲ್ಲಿ ವಿಷ ಹಾಕಿದ್ದಾರೆ ಅಂದಳು. ತಪಾಸಣೆಗೆ ಬರಲ್ಲ ಅಂತ ಬಾಗಿಲು ಹಾಕಿಕೊಂಡಳು. ಆರನೇ ತಿಂಗಳಲ್ಲಿ ತೂಕ ಏರುವುದು ಬಿಟ್ಟು ಇಳಿಯಿತು. ಒಂದು ರಾತ್ರಿ ಹೇಳದೆ ಕೇಳದೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು, ಪುಣ್ಯಕ್ಕೆ ಗುರುತಿನವರ ಕಣ್ಣಿಗೆ ಬಿದ್ದಳು.

ಈಗ ನನ್ನ ಪ್ರಶ್ನೆ. ಮಗುವಿಗೆ ಒಳ್ಳೆಯದಾಗಲಿ ಅಂತ ತಾನೇ ಮಾತ್ರೆ ನಿಲ್ಲಿಸಿದ್ದು? ನಾಲ್ಕು ತಿಂಗಳು ತುಂಬಿದ ಮೇಲೆ ನಿಲ್ಲಿಸಿದ್ದರಿಂದ ಆ ಮಗುವಿಗೆ ಯಾವ ಅಂಗ ಉಳಿಯಿತು?

ನನ್ನ ಮಗಳು ಬಿ.ಫಾರ್ಮ ಓದುತ್ತಿದ್ದಾಳೆ. ಅವಳು ಕೂತು ಓದಿ ನನಗೆ ತಿಳಿಸಿದ್ದನ್ನು, ಆಮೇಲೆ ತಂಗಿಯನ್ನು ನೋಡಿದ ಡಾಕ್ಟರು ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ನಿಮಗೆ ಇದು ಗೊತ್ತಿರುವುದೇ. ಆದರೆ ಈ ಪತ್ರ ಓದುವ ಬೇರೆಯವರಿಗೆ ಗೊತ್ತಾಗಲಿ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ಮುಟ್ಟು ನಿಂತಿದೆ ಅನ್ನುವುದೇ ಸರಿಯಾಗಿ ಗೊತ್ತಾಗಿರುವುದಿಲ್ಲ. ಹೃದಯ, ಕೈಕಾಲು, ತುಟಿ, ಅಂಗುಳ, ಇವುಗಳ ಮುಖ್ಯ ರಚನೆ ಮೊದಲ ಮೂರು ತಿಂಗಳಲ್ಲಿ ಮುಗಿದಿರುತ್ತದೆ. ಅಂದರೆ ಅಂಗ ಊನ ಆಗುವ ಅಪಾಯ ಏನಾದರೂ ಇದ್ದಿದ್ದರೆ ಆ ಕಾಲ ಕಳೆದೇ ಹೋಗಿತ್ತು. ಸ್ಕ್ಯಾನ್ ಮಾಡಿ ನೋಡುವುದಿತ್ತು ಅಷ್ಟೇ. 18ರಿಂದ 20 ವಾರದ ನಡುವೆ ಅಂಗಾಂಗದ ಸ್ಕ್ಯಾನ್ ಮಾಡುತ್ತಾರಲ್ಲ, ಅದನ್ನು ತಪ್ಪದೆ ಮಾಡಿಸಿ ಅಂತ ಕೆಂಪು ಪೆನ್ನಲ್ಲಿ ಬರೆದಿದ್ದರೆ ಕೈ ಮುಗಿಯುತ್ತಿದ್ದೆ.

ಇನ್ನು ಆ ಅಪಾಯವಾದರೂ ಎಷ್ಟು? ಮಾತ್ರೆಯೇ ಮುಟ್ಟದ ತಾಯಂದಿರಿಗೂ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಏನಾದರೊಂದು ದೊಡ್ಡ ಊನ ಇರುತ್ತದೆ. ಇದು ಎಲ್ಲರಿಗೂ ಇರುವ ಲೆಕ್ಕ. ಅಮೆರಿಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಬಸಿರುಗಳ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು, 2016ರಲ್ಲಿ ಪ್ರಕಟವಾಯಿತು. ಅದರಲ್ಲಿ 9,000ಕ್ಕೂ ಹೆಚ್ಚು ಹೆಂಗಸರು ಮೊದಲ ಮೂರು ತಿಂಗಳಲ್ಲಿ ಈ ಹೊಸ ಕಾಲದ ಮಾತ್ರೆಗಳನ್ನು, ಅಂದರೆ ಓಲಾಂಜಪಿನ್, ಕ್ವೆಟಿಯಾಪಿನ್, ರಿಸ್ಪೆರಿಡೋನ್ ತರಹದ್ದನ್ನು ತಗೊಂಡಿದ್ದರು. ಮಾತ್ರೆ ತಗೊಳ್ಳದವರಲ್ಲಿ ಊನ ಇದ್ದದ್ದು ಸಾವಿರಕ್ಕೆ 32.7, ತಗೊಂಡವರಲ್ಲಿ 44.5. ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತದೆ ಅಲ್ವಾ? ಆದರೆ ಆ ಹೆಂಗಸರಲ್ಲಿ ಬೇರೆ ಕಾಯಿಲೆಗಳೂ ಜಾಸ್ತಿ ಇದ್ದವು, ಬೇರೆ ಮಾತ್ರೆಗಳೂ ಇದ್ದವು. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದು ಹೋಲಿಸಿದಾಗ ಅಂತರ ಹೆಚ್ಚುಕಡಿಮೆ ಮಾಯವಾಯಿತು. ರಿಸ್ಪೆರಿಡೋನ್ ಒಂದರಲ್ಲಿ ಮಾತ್ರ ಸ್ವಲ್ಪ ಉಳಿಯಿತು, ಕಾಲು ಪಾಲಿನಷ್ಟು ಹೆಚ್ಚು. ಸಾವಿರಕ್ಕೆ 33 ಇದ್ದದ್ದು 41 ಅಂತ ಇಟ್ಟುಕೊಳ್ಳಿ. ನನ್ನ ತಂಗಿ ತಗೊಳ್ಳುತ್ತಿದ್ದದ್ದೇ ಅದು, ಹಾಗಾಗಿ ಇದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಇದು ಇನ್ನೂ ನೋಡಬೇಕಾದ ಸೂಚನೆ, ತೀರ್ಪಲ್ಲ ಅಂತ ಆ ಅಧ್ಯಯನ ಮಾಡಿದವರೇ ಹೇಳಿದ್ದಾರೆ. ಗೊತ್ತಿದ್ದಿದ್ದರೆ ಬಸಿರಿಗೆ ಮುಂಚೆಯೇ ಡಾಕ್ಟರ ಹತ್ತಿರ ಕೂತು ಬೇರೆ ಮಾತ್ರೆಗೆ ಬದಲಾಯಿಸುವುದೋ, ಅದನ್ನೇ ಕಡಿಮೆ ಡೋಸಿನಲ್ಲಿ ಮುಂದುವರಿಸುವುದೋ ಅಂತ ಮಾತಾಡಬಹುದಿತ್ತು. ಅದು ಬೇರೆ, ಶೀಟು ಒಲೆಗೆ ಹಾಕುವುದು ಬೇರೆ.

ಇನ್ನೊಂದು ತಮಾಷೆ ಕೇಳಿ. ವಾಂತಿಗೆ, ತಲೆಸುತ್ತಿಗೆ ಅಂತ ಕೊಡುವ ಪ್ರೊಕ್ಲೋರ್‌ಪೆರಜಿನ್ ಇದೆಯಲ್ಲ, ಸ್ಟೆಮೆಟಿಲ್ ಅಂತ ಅಂಗಡಿಯಲ್ಲಿ ಸಿಗುತ್ತದೆ, ಅದೂ ಇದೇ ಕುಟುಂಬದ ಔಷಧ. ಕಡಿಮೆ ಡೋಸು, ಸ್ವಲ್ಪ ದಿನ ಕೊಡುತ್ತಾರೆ, ಒಪ್ಪುತ್ತೇನೆ. ಆದರೆ ಅದನ್ನು ಬಸುರಿಗೆ ಬರೆದಾಗ ಯಾರ ಮುಖವೂ ಬಿಳಿಚಿಕೊಳ್ಳುವುದಿಲ್ಲ. ಹೊಟ್ಟೆಯ ಸಂಕಟಕ್ಕಾದರೆ ಔಷಧ, ಮನಸ್ಸಿನ ಸಂಕಟಕ್ಕಾದರೆ ವಿಷ.

ಹಾಗಂತ ಎಲ್ಲ ಮಾತ್ರೆಯೂ ನಿರಪಾಯ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಓದಿಕೊಳ್ಳಬೇಡಿ. "ತಲೆ ಮಾತ್ರೆ" ಅಂತ ಒಂದೇ ಗೋಣಿಗೆ ತುಂಬುವುದೇ ತಪ್ಪು. ಯೂರಿಯಾನೂ ಬೆಳ್ಳಗಿದೆ, ಉಪ್ಪೂ ಬೆಳ್ಳಗಿದೆ, ಎರಡನ್ನೂ ಸಾರಿಗೆ ಹಾಕುತ್ತೇವಾ? ವಾಲ್ಪ್ರೊಯೇಟ್ ಅನ್ನುವ ಮಾತ್ರೆ ಇದೆ. ಫಿಟ್ಸ್‌ಗೂ ಕೊಡುತ್ತಾರೆ, ಮನಸ್ಸು ಒಮ್ಮೆ ಅತಿ ಏರಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಗೂ ಕೊಡುತ್ತಾರೆ. ಇದು ರಿಸ್ಪೆರಿಡೋನ್, ಓಲಾಂಜಪಿನ್ ಇರುವ ಆಂಟಿಸೈಕೋಟಿಕ್ ಜಾತಿಗೆ ಸೇರಿದ್ದಲ್ಲ, ಆದರೆ ಎಷ್ಟೋ ಸಲ ಅದರ ಜೊತೆಗೇ ಅದೇ ಚೀಟಿಯಲ್ಲಿ ಇರುತ್ತದೆ. ಬಸಿರಿನಲ್ಲಿ ಇದನ್ನು ತಗೊಂಡರೆ ನೂರಕ್ಕೆ ಸುಮಾರು 10 ಮಕ್ಕಳಿಗೆ ಊನ, ಬೆನ್ನುಹುರಿ ತೆರೆದುಕೊಂಡೇ ಹುಟ್ಟುವುದೂ ಅದರಲ್ಲಿ ಸೇರಿದೆ. ಹುಟ್ಟಿ ಬೆಳೆದ ಮೇಲೂ ನೂರಕ್ಕೆ 30ರಿಂದ 40 ಮಕ್ಕಳಿಗೆ ಮಾತು, ನಡಿಗೆ, ಓದು, ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಕಾಣಬಹುದು. ಯುರೋಪಿನಲ್ಲಿ 2018ರಿಂದ ಹೆರುವ ವಯಸ್ಸಿನ ಹೆಂಗಸರಿಗೆ ಇದನ್ನು ಕೊಡಲು ಬಿಗಿ ನಿಯಮ ಇಟ್ಟಿದ್ದಾರೆ, ಬಸಿರಾಗದಂತೆ ವ್ಯವಸ್ಥೆ ಮಾಡಿಕೊಂಡೇ ಕೊಡಬೇಕು. ನಿಜವಾಗಿ ಹೆದರಬೇಕಾದದ್ದು ಇದಕ್ಕೆ, ಅದೂ ಬಸಿರಿಗೆ ಮುಂಚೆ. ಇಲ್ಲಿಯೂ ಬಸಿರಾದ ಮೇಲೆ ಗಾಬರಿಬಿದ್ದು ತಾನೇ ನಿಲ್ಲಿಸುವಂತಿಲ್ಲ, ಫಿಟ್ಸ್ ಇರುವವಳಿಗೆ ಒಂದೇ ಸಲ ನಿಲ್ಲಿಸಿದರೆ ಪ್ರಾಣಕ್ಕೇ ಬರುತ್ತದೆ. ಅವತ್ತೇ ಡಾಕ್ಟರನ್ನು ಕಾಣಬೇಕು.

ಹಾಗಾಗಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಪ್ರತಿ ಹೆಂಗಸಿಗೂ ಒಂದು ಪ್ರಶ್ನೆ ಕಡ್ಡಾಯ ಮಾಡಿ ಸರ್: ಮಕ್ಕಳಾಗುವ ಯೋಚನೆ ಇದೆಯಾ? ತಾಲ್ಲೂಕು ಆಸ್ಪತ್ರೆಯ ಆ ಸಾಲಿನಲ್ಲಿ ನಾನು ನಿಂತಿದ್ದೇನೆ. ಜನ ತುಂಬಿರುತ್ತಾರೆ, ಬಂದಿರುವ ಮನೋವೈದ್ಯರು ಒಬ್ಬರೇ, ಮಧ್ಯಾಹ್ನದೊಳಗೆ ಮುಗಿಸಬೇಕು. "ನಿದ್ದೆ ಬರ್ತಿದೆಯಾ, ಊಟ ಮಾಡ್ತಿದೀರಾ, ಅದೇ ಮಾತ್ರೆ ಮುಂದುವರಿಸಿ." ಅವರನ್ನು ದೂರುವಂತಿಲ್ಲ. ಆದರೆ ಆ ಒಂದು ಪ್ರಶ್ನೆಯನ್ನು ಸಾಲಿನಲ್ಲೇ ನಿಂತು ನರ್ಸಮ್ಮ ಕೇಳಿ ಚೀಟಿಯ ಮೇಲೆ ಬರೆಯಬಹುದು. ಹೊಸದಾಗಿ ಮದುವೆಯಾದವಳಿದ್ದರೆ, ಬೆನ್ನುಹುರಿಯ ಊನ ತಡೆಯಲು ಕೊಡುವ ಫೋಲಿಕ್ ಆಸಿಡ್ ಮಾತ್ರೆ ಅವತ್ತೇ ಶುರು ಮಾಡಿಸಬಹುದು. ನಮ್ಮಲ್ಲಿ ಬಸಿರು ಗೊತ್ತಾಗಿ, ಹೆಸರು ಬರೆಸಿ, ಮಾತ್ರೆ ಕೈಗೆ ಬರುವಷ್ಟರಲ್ಲಿ ಆ 28 ದಿನ ಎಲ್ಲಿರುತ್ತದೆ?

ತಂಗಿಯ ವಿಷಯಕ್ಕೆ ಬರುತ್ತೇನೆ. ಆರನೇ ತಿಂಗಳ ಕೊನೆಗೆ ಹೇಗೋ ಒಪ್ಪಿಸಿ ಮಂಗಳವಾರ ಕರೆದುಕೊಂಡು ಹೋದೆವು. ಡಾಕ್ಟರು ಕಾರ್ಡಿನ ಕೆಂಪು ಅಕ್ಷರ ನೋಡಿದರು, ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಓಲಾಂಜಪಿನ್ ಬರೆದರು. ಅದರ ತೊಂದರೆಗಳನ್ನೂ ಅಲ್ಲೇ ಹೇಳಿದರು, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು. ಈ ಮಾತ್ರೆ ಹೊಟ್ಟೆಯ ಮಗುವಿಗೆ ಹೋಗುತ್ತದಮ್ಮ, ಹೋಗಲ್ಲ ಅಂತ ಸುಳ್ಳು ಹೇಳಲ್ಲ ಅಂದರು. ಆಮೇಲೆ ಮಗಳು ಹುಡುಕಿ ಓದಿದಳು. ಹೆರಿಗೆ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ಇರುವುದಕ್ಕೂ ಹೊಕ್ಕುಳಬಳ್ಳಿಯ ರಕ್ತದಲ್ಲಿ ಇರುವುದಕ್ಕೂ ಹೋಲಿಸಿ 2007ರಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ. ಓಲಾಂಜಪಿನ್ ನೂರಕ್ಕೆ 72ರಷ್ಟು, ಹ್ಯಾಲೊಪೆರಿಡಾಲ್ 65ರಷ್ಟು, ರಿಸ್ಪೆರಿಡೋನ್ 49, ಕ್ವೆಟಿಯಾಪಿನ್ ಎಲ್ಲಕ್ಕಿಂತ ಕಡಿಮೆ, 24ರ ಹತ್ತಿರ. ಹಾಗಾದರೆ ಕ್ವೆಟಿಯಾಪಿನ್ನೇ ಕೊಡಬಹುದಿತ್ತಲ್ಲ ಅಂತ ನಾನು ಕೇಳಿದೆ. ಯಾವುದು ಕಡಿಮೆ ದಾಟುತ್ತದೆ ಅನ್ನುವುದೊಂದೇ ಅಲ್ಲ, ಯಾವುದರಿಂದ ಈ ಹೆಂಗಸಿಗೆ ಕಾಯಿಲೆ ನಿಲ್ಲುತ್ತದೆ ಅನ್ನುವುದು ಮುಖ್ಯ, ಕೆಲಸ ಮಾಡದ ಮಾತ್ರೆ ಕೊಟ್ಟರೆ ಮಗುವಿಗೆ ಮಾತ್ರೆಯೂ ಸಿಕ್ಕ ಹಾಗಾಯಿತು, ಕಾಯಿಲೆಯೂ ಸಿಕ್ಕ ಹಾಗಾಯಿತು ಅಂದರು.

ಇನ್ನೊಂದು ಅವರು ಒತ್ತಿ ಹೇಳಿದ್ದು ಸಕ್ಕರೆ. ಓಲಾಂಜಪಿನ್, ಕ್ವೆಟಿಯಾಪಿನ್ ಎರಡೂ ತೂಕ ಏರಿಸುತ್ತವೆ, ಬಸಿರಿನ ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತವೆ. ಬಸಿರಿನಲ್ಲಿ ಓಲಾಂಜಪಿನ್ ಮುಂದುವರಿಸಿದವರಿಗೆ, ನಿಲ್ಲಿಸಿದವರಿಗೆ ಹೋಲಿಸಿದರೆ, ಈ ಸಕ್ಕರೆ ಕಾಯಿಲೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಅಂತ 2018ರ ಒಂದು ದೊಡ್ಡ ಅಧ್ಯಯನ ಹೇಳಿದೆ. ತಾಯಿಗೆ ಸಕ್ಕರೆ ಏರಿದರೆ ಮಗು ಅತಿ ದಪ್ಪ ಬೆಳೆಯುತ್ತದೆ, ಹೆರಿಗೆ ಕಷ್ಟ, ಹುಟ್ಟಿದ ಮಗುವಿಗೆ ಸಕ್ಕರೆ ಕುಸಿಯುತ್ತದೆ. ಇದನ್ನು ಪತ್ತೆ ಮಾಡುವುದು ಎಷ್ಟು ಸುಲಭ ನೋಡಿ: 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ 2 ಗಂಟೆ ಬಿಟ್ಟು ರಕ್ತ ನೋಡುವುದು. ಎಲ್ಲ ಬಸುರಿಯರಿಗೂ ಮಾಡಬೇಕಾದದ್ದೇ, ಇವರಿಗೆ ಒಂದು ಸಲ ಜಾಸ್ತಿ ಮಾಡಿ ಅಂತ ಹೇಳಿದರೆ ಸಾಕು. ಪ್ರತಿ ತಿಂಗಳು 9ನೇ ತಾರೀಖು ಬಸುರಿಯರ ತಪಾಸಣೆ ನಡೆಯುತ್ತದಲ್ಲ, ಅವತ್ತೇ ಆಗಿಹೋಗುತ್ತದೆ.

ಇನ್ನು ಹೆರಿಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ ಸರ್, ನನ್ನ ಸಿಟ್ಟು ಇರುವುದು ಇಲ್ಲೇ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರ ಫೆಬ್ರವರಿಯಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಕೊನೆಯ ಮೂರು ತಿಂಗಳಲ್ಲಿ ತಾಯಿ ಯಾವುದೇ ಆಂಟಿಸೈಕೋಟಿಕ್ ತಗೊಂಡಿದ್ದರೆ ಹುಟ್ಟಿದ ಮಗುವಿನಲ್ಲಿ ಕೆಲವು ಲಕ್ಷಣ ಕಾಣಬಹುದು: ಕೈಕಾಲು ಬಿಗಿಯುವುದು ಅಥವಾ ತೀರಾ ಸಡಿಲವಾಗುವುದು, ನಡುಕ, ಕಿರಿಕಿರಿ, ಮಂಪರು, ಉಸಿರಾಟದ ತೊಂದರೆ, ಹಾಲು ಕುಡಿಯಲು ಕಷ್ಟ. ಕೆಲವು ಮಕ್ಕಳಿಗೆ ಗಂಟೆಗಳಲ್ಲಿ, ಕೆಲವಕ್ಕೆ ದಿನಗಳಲ್ಲಿ ತಾನಾಗಿ ಹೋಗುತ್ತದೆ, ಕೆಲವನ್ನು ಆಸ್ಪತ್ರೆಯಲ್ಲಿ ಇಟ್ಟು ನೋಡಿಕೊಳ್ಳಬೇಕಾಗುತ್ತದೆ. ಅದೇ ಎಚ್ಚರಿಕೆಯಲ್ಲಿ ಇನ್ನೊಂದು ಮಾತೂ ಇದೆ: ಬಸಿರಾದರೆ ಡಾಕ್ಟರನ್ನು ಕೇಳದೆ ಈ ಮಾತ್ರೆ ನಿಲ್ಲಿಸಬೇಡಿ. ಎರಡೂ ಒಂದೇ ಕಾಗದದಲ್ಲಿವೆ. ನಮ್ಮಲ್ಲಿ ಮೊದಲರ್ಧ ಮಾತ್ರ ಓದಿದವರೇ ಜಾಸ್ತಿ ಅನ್ನಿಸುತ್ತದೆ.

ತಂಗಿಯ ಮಗು ದಿನ ತುಂಬಿಯೇ ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ನಡುವೆ ಊಟ ಬಿಟ್ಟಿದ್ದಳಲ್ಲ. ಅತ್ತಾಗ ಗದ್ದ ಪಟಪಟ ನಡುಗುತ್ತಿತ್ತು, ಮುಷ್ಟಿ ಬಿಚ್ಚಲು ಹೋದರೆ ಬಿಗಿ ಹಿಡಿಯುತ್ತಿತ್ತು. ಎದೆಗೆ ಹಚ್ಚಿದರೆ ಎರಡು ಗುಟುಕು ಎಳೆದು ನಿದ್ದೆ. ಅಂಗಾಲು ತಟ್ಟಿ ಎಬ್ಬಿಸಿದರೆ ಮತ್ತೆ ಒಂದು ಗುಟುಕು. ಓಲಾಂಜಪಿನ್ ತಗೊಳ್ಳುತ್ತಿದ್ದಾಳೆ ಅಂತ ಹೆರಿಗೆ ಕೋಣೆಗೆ ಹೋಗುವ ಮೊದಲೇ ನಾನು ಹೇಳಿದ್ದೆ. ಅದನ್ನು ಯಾರೂ ಮಕ್ಕಳ ಡಾಕ್ಟರಿಗೆ ದಾಟಿಸಿರಲಿಲ್ಲ. ಮಗು ನಡುಗುವುದು ನೋಡಿ ಫಿಟ್ಸ್ ಅಂದರು, ನಂಜು ಅಂದರು, ಓಡಾಡಿದರು. ಕೊನೆಗೆ ಗೊತ್ತಾದ ಮೇಲೆ ಒಬ್ಬರು ವಾರ್ಡಿನಲ್ಲಿ ಎಲ್ಲರ ಎದುರಿಗೆ, "ನೋಡಮ್ಮ, ನಿನ್ನ ಮಾತ್ರೆಯಿಂದ ಮಗು ಹೆಂಗಾಗಿದೆ" ಅಂದರು. ಹೆತ್ತು ಇನ್ನೂ ಒಂದು ದಿನ ಆಗಿಲ್ಲ. ಸ್ಕಿಜೋಫ್ರೇನಿಯಾ ಇರುವ ಬಾಣಂತಿ. ಅವಳು ಮತ್ತೆ ಕಿವಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದಳು.

ಆಮೇಲೆ ಹಾಲು ಕೊಡಬೇಡ ಅಂದರು. ಕಾಯಿಲೆಯವಳು, ಮಗುವಿಗೆ ಏನಾದರೂ ಮಾಡಿಬಿಟ್ಟರೆ ಅಂತ ಮಗುವನ್ನು ಬೇರೆ ಇಟ್ಟರು. ಕ್ಲೋಜಪಿನ್ ಅನ್ನುವ ಇದೇ ಜಾತಿಯ ಇನ್ನೊಂದು ಮಾತ್ರೆ ತಗೊಳ್ಳುವ ತಾಯಿಗೆ ಎದೆಹಾಲು ಬೇಡ ಅನ್ನುತ್ತಾರೆ, ಅದು ಸರಿ, ಅದರಿಂದ ಮಗುವಿನ ಬಿಳಿ ರಕ್ತಕಣ ಕಡಿಮೆಯಾಗುವ ಭಯ ಇದೆ. ಓಲಾಂಜಪಿನ್ ಹಾಲಿಗೆ ಬರುವುದು ಬಹಳ ಕಡಿಮೆ, ಮಗು ಅತಿಯಾಗಿ ಮಂಪರಾಗಿದೆಯಾ, ತೂಕ ಏರುತ್ತಿದೆಯಾ ಅಂತ ನೋಡಿಕೊಂಡು ಕೊಡಬಹುದು. ಇದನ್ನು ನಾನು ಹೇಳಿದರೆ ಕೇಳುತ್ತಾರಾ? ಮಂಗಳವಾರದ ಡಾಕ್ಟರಿಗೆ ಫೋನ್ ಹಚ್ಚಿ ಮಕ್ಕಳ ಡಾಕ್ಟರ ಕೈಗೆ ಕೊಟ್ಟೆ. ಅವರಿಬ್ಬರೂ ಮಾತಾಡಿದ್ದು ನಾನು ಒಂದು ಟೀ ಕುಡಿದು ಬರುವಷ್ಟು ಹೊತ್ತು. ವಾಪಸ್ ಬರುವಷ್ಟರಲ್ಲಿ ಎಲ್ಲ ಬದಲಾಗಿತ್ತು. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ, ಉಸಿರು ಗಮನಿಸುತ್ತಾ ಇರಿ, ತಾಯಿ ಪಕ್ಕದಲ್ಲೇ ಮಲಗಿಸಿ ಅಂದರು. ಕೆಲವು ದಿನದಲ್ಲಿ ನಡುಕ ನಿಂತಿತು, ಎಳೆತ ಗಟ್ಟಿಯಾಯಿತು. ಇಷ್ಟು ದಿನ ಎಲ್ಲಿತ್ತು ಆ ಫೋನು?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲೇ ಬಂತು. ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ ಅದರ 21ನೇ ಸೆಕ್ಷನ್ ಹೇಳುತ್ತದೆ. ಹೆರಿಗೆ ವಾರ್ಡಿಗೆ ಆ ಸೆಕ್ಷನ್ ನೇರವಾಗಿ ಅನ್ವಯಿಸುತ್ತದೋ ಇಲ್ಲವೋ ವಕೀಲರು ಹೇಳಲಿ, ಆದರೆ ಹುಚ್ಚಾಸ್ಪತ್ರೆ ಅಂತ ನಾವು ಕರೆಯುವ ಕಡೆಯೇ ಮಾಡಬಾರದ್ದನ್ನು ಹೆರಿಗೆ ವಾರ್ಡಿನಲ್ಲಿ ಮಾಡಬಹುದಾ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ಚಿಕಿತ್ಸೆ ಕೊಡುವ ವಾರ್ಡೇ ಇದೆ. ಹಾಸನದಲ್ಲಿ ಅಂಥ ವಾರ್ಡ್ ಕಟ್ಟಿ ಅಂತ ಈಗಲೇ ಕೇಳುವುದಿಲ್ಲ. ಆದರೆ ಹಸಿ ಬಾಣಂತಿಯನ್ನು ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕರೆದೊಯ್ಯುವುದು ಅಂದರೆ ಏನು ಅಂತ ಒಮ್ಮೆ ಯೋಚಿಸಿ.

ಕೆಲವರು ಕೇಳುತ್ತಾರೆ, ಮಗು ಈಗ ಚೆನ್ನಾಗಿದೆ, ಮುಂದೆ ಬುದ್ಧಿ ಹೇಗೋ ಏನೋ ಅಂತ. ಕೇಳುವ ಧಾಟಿ ಇಷ್ಟವಾಗಲ್ಲ, ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಈ ಮಾತ್ರೆ ಹೊಟ್ಟೆಯಲ್ಲಿದ್ದಾಗ ಸಿಕ್ಕ ಮಕ್ಕಳು ಮೊದಲ ಆರು ತಿಂಗಳಲ್ಲಿ ಕತ್ತು ನಿಲ್ಲಿಸುವುದು, ಹಿಡಿಯುವುದು ಇಂಥದ್ದರಲ್ಲಿ ಸ್ವಲ್ಪ ಹಿಂದೆ ಇದ್ದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ವರ್ಷ ತುಂಬುವಷ್ಟರಲ್ಲಿ ಆ ಅಂತರ ಕಾಣಲಿಲ್ಲ ಅಂತ ಚೀನಾದ ಒಂದು ಅಧ್ಯಯನ ಹೇಳಿದೆ. 2022ರಲ್ಲಿ ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ನೋಡಿದಾಗ, ಆಟಿಸಂ, ಕಲಿಕೆಯ ತೊಂದರೆ ಇಂಥವು ಈ ಮಾತ್ರೆಗಳಿಂದಲೇ ಹೆಚ್ಚಾದವು ಅಂತ ಕಂಡುಬರಲಿಲ್ಲ. ಇದೇ ಜಾತಿಯ ಅರಿಪಿಪ್ರಜೋಲ್ ಅನ್ನುವ ಮಾತ್ರೆ ಒಂದರ ಬಗ್ಗೆ ಮಾತ್ರ ಇನ್ನಷ್ಟು ನೋಡಬೇಕು ಅಂದರು. ನಮ್ಮ ಮಗುವಿಗೆ ಕತ್ತು ನಿಂತದ್ದು ತುಸು ತಡ. ಈಗ ಹತ್ತು ತಿಂಗಳು, ನನ್ನ ಅಂಗನವಾಡಿಯ ತಕ್ಕಡಿಯಲ್ಲೇ ತೂಗುತ್ತೇನೆ, ಚಾರ್ಟಿನಲ್ಲಿ ಹಸಿರು ಪಟ್ಟಿಯಲ್ಲಿದೆ, ಆಟದ ಸಾಮಾನಿನ ಡಬ್ಬ ಹಿಡಿದು ಎದ್ದು ನಿಂತು ಅದರೊಳಗಿನದ್ದನ್ನೆಲ್ಲ ಹೊರಗೆ ಎಸೆಯುತ್ತದೆ. ಒಂದು ಮಗುವಿನಿಂದ ಏನೂ ಸಾಬೀತಾಗಲ್ಲ, ಗೊತ್ತು.

ಇನ್ನೊಂದು ಕಡೆಯ ಲೆಕ್ಕವನ್ನೂ ಯಾರಾದರೂ ಇಡಬೇಕಲ್ಲ. ಮಾತ್ರೆ ನಿಲ್ಲಿಸಿದರೆ ಏನು? ಬೈಪೋಲಾರ್ ಇದ್ದ 89 ಬಸುರಿಯರನ್ನು ಗಮನಿಸಿದ 2007ರ ಒಂದು ಅಧ್ಯಯನದಲ್ಲಿ, ಮನಸ್ಸಿನ ಏರಿಳಿತ ತಡೆಯುವ ಮಾತ್ರೆ ನಿಲ್ಲಿಸಿದವರಲ್ಲಿ ನೂರಕ್ಕೆ 85ರಷ್ಟು ಜನಕ್ಕೆ ಬಸಿರಿನಲ್ಲೇ ಕಾಯಿಲೆ ಮರುಕಳಿಸಿತು, ಮುಂದುವರಿಸಿದವರಲ್ಲಿ 37. ಕಾಯಿಲೆ ಕೆರಳಿದ ತಾಯಿ ಊಟ ಬಿಡುತ್ತಾಳೆ, ನಿದ್ದೆ ಬಿಡುತ್ತಾಳೆ, ತಪಾಸಣೆಗೆ ಬರುವುದಿಲ್ಲ, ಕೆಲವೊಮ್ಮೆ ಜೀವವನ್ನೇ ಕಳೆದುಕೊಳ್ಳುತ್ತಾಳೆ. ಮಗು ದಿನಕ್ಕೆ ಮುಂಚೆ, ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ಇದೂ ಮಗುವಿನ ಬೆಳವಣಿಗೆಯ ಮೇಲೆ ಆಗುವ ಪರಿಣಾಮವೇ ತಾನೇ? ಮಾತ್ರೆಯಿಂದ ಆದದ್ದಕ್ಕೆ ಮಾತ್ರ ಗಲಾಟೆ, ಮಾತ್ರೆ ಇಲ್ಲದ್ದರಿಂದ ಆದದ್ದು ಹಣೆಬರಹ.

ಸುತ್ತೋಲೆಯಲ್ಲಿ ಏನಿರಬೇಕು ಅಂತ ಹೇಳಲು ನಾನು ಯಾರು, ಆದರೂ ಹೇಳಿಬಿಡುತ್ತೇನೆ. ತಾಯಿ ಕಾರ್ಡಿನ ಮೇಲೆ ಮನೋವೈದ್ಯರು ಬರೆದ ಮಾತ್ರೆಯ ಹೆಸರು, ಡೋಸು, ಅವರ ಆಸ್ಪತ್ರೆಯ ಫೋನ್ ನಂಬರು ಇರಲಿ. ರೋಗದ ಹೆಸರು ದೊಡ್ಡದಾಗಿ ಬರೆಯಬೇಡಿ, ಆ ಕಾರ್ಡನ್ನು ಊರೆಲ್ಲ ನೋಡುತ್ತದೆ. ಹೆರಿಗೆಯ ಹೊತ್ತಿಗೆ ಆ ವಿಷಯ ಮಕ್ಕಳ ಡಾಕ್ಟರಿಗೆ ಮೊದಲೇ ತಿಳಿಯಲಿ, ಹುಟ್ಟಿದ ಮಗುವನ್ನು ಎರಡು ಮೂರು ದಿನ ಗಮನಿಸಿಯೇ ಕಳಿಸಲಿ. ಓಲಾಂಜಪಿನ್, ರಿಸ್ಪೆರಿಡೋನ್ ತಾಲ್ಲೂಕು ಆಸ್ಪತ್ರೆಯಲ್ಲಿ ಖಾಲಿಯಾಗದಂತೆ ನೋಡಿಕೊಳ್ಳಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ ಪುಕ್ಕಟೆ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಮಂಗಳವಾರ ಬಿಟ್ಟು ಬೇರೆ ದಿನ ಮನೋವೈದ್ಯರು ಸಿಗಲಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಿ, 2022ರಿಂದ ಇದೆ, ದಿನವಿಡೀ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಹೋಬಳಿಯಲ್ಲಿ ಆ ನಂಬರ್ ಗೊತ್ತಿರುವವರನ್ನು ನಾನಂತೂ ಇನ್ನೂ ಕಂಡಿಲ್ಲ.

ಮೆಡಿಕಲ್ ಶಾಪಿನ ಅಣ್ಣಂದಿರಿಗೂ ಒಂದು ಮಾತು. ಶೀಟು ನೋಡಿ "ಇದು ಬಸುರಿಯರು ತಗೋಬಾರ್ದು ಕಣಮ್ಮ" ಅಂತ ಕೌಂಟರಿನ ಮೇಲಿಂದ ಹೇಳಬೇಡಿ. ನಿಮ್ಮ ಮಾತನ್ನು ಡಾಕ್ಟರ ಮಾತಿಗಿಂತ ಜಾಸ್ತಿ ನಂಬುತ್ತಾರೆ. ಡಾಕ್ಟರನ್ನು ಕೇಳಿದ್ದೀರಾ ಅಂತಷ್ಟೇ ಕೇಳಿ. ಅತ್ತೆಯಂದಿರಿಗೆ, ಅಮ್ಮಂದಿರಿಗೆ ಹೇಳುವುದನ್ನು ನಾನು ನನ್ನ ಅಂಗನವಾಡಿಯಲ್ಲಿ ಬಸುರಿಯರು ಊಟಕ್ಕೆ ಬಂದಾಗ ಹೇಳುತ್ತಿದ್ದೇನೆ, ಅದಕ್ಕೆ ನಿಮ್ಮ ಸುತ್ತೋಲೆ ಬೇಕಿಲ್ಲ.

ಆಸ್ಪತ್ರೆಯವರಿಗೆ ಹೇಳುವುದು ಮಾತ್ರ ನನ್ನ ಕೈಲಾಗುವ ಕೆಲಸವಲ್ಲ. ಅದಕ್ಕೆ ನಿಮ್ಮ ಸಹಿ ಬೇಕು. ಮುಂದಿನ 9ನೇ ತಾರೀಖಿನ ತಪಾಸಣೆಗೆ ಮೊದಲು ಕಾಗದ ಬಂದರೆ ಒಂದು ಪ್ರತಿ ನಮ್ಮ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೂ ಕಳಿಸಿ, ವಲಯದ ಸಭೆಯಲ್ಲಿ ಓದಿ ಹೇಳುವ ಜವಾಬ್ದಾರಿ ನನ್ನದು.

ಇತಿ,
ಹಾಸನ ಜಿಲ್ಲೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ